ಅಂಬುಬಾಯಿಯ ಹರಕೆ ಹುಂಜ

ಹುಂಜ ಕೊಳ್ಳುವಾಗ ಎಲ್ಲರೂ ಜುಟ್ಟು ನೋಡುತ್ತಾರೆ, ಪುಕ್ಕದ ಬಣ್ಣ ನೋಡುತ್ತಾರೆ. ಅಂಬುಬಾಯಿ ಅದನ್ನು ತಲೆಕೆಳಗಾಗಿ ಹಿಡಿದು ಮೊದಲು ಅಂಗಾಲು ನೋಡುತ್ತಿದ್ದಳು. ಆಮೇಲೆ ಹೆಂಟೆಗಳ ನಡುವೆ ಬಿಟ್ಟು, ನಾಲ್ಕು ಕಾಳು ಜೋಳ ಚೆಲ್ಲಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದುರಿಗೆ ಕುಳಿತುಬಿಡುತ್ತಿದ್ದಳು. ಕಾಳು ಕಂಡ ಕೂಡಲೇ ತಾನೇ ನುಂಗುವ ಹುಂಜ ಅವಳಿಗೆ ಬೇಡ. ಕಾಳನ್ನು ಕೊಕ್ಕಿನಲ್ಲಿ ಎತ್ತಿ, ಕೆಳಗೆ ಹಾಕಿ, ಮತ್ತೆ ಎತ್ತಿ, ಕುಕ್ ಕುಕ್ ಎಂದು ಹೆಂಟೆಯನ್ನು ಕರೆದು ತಾನು ತಿನ್ನದೆ ನಿಲ್ಲುವ ಹುಂಜವಾದರೆ ಮಾತು ಮುಂದುವರಿಯುತ್ತಿತ್ತು. ಮಾರುವವನು ಎಷ್ಟೇ ಅವಸರ ಮಾಡಿದರೂ ಅವಳು ಏಳುತ್ತಿರಲಿಲ್ಲ.

ನಾನು ಲಿಂಗಾಯತರ ಮನೆಯ ಸೊಸೆ. ನಮ್ಮ ಹೊಸ್ತಿಲು ದಾಟಿ ತತ್ತಿ ಒಳಗೆ ಬಂದದ್ದಿಲ್ಲ. ಆದರೂ ಹುಂಜದ ನಡತೆಯ ಬಗ್ಗೆ ನನಗೆ ಗೊತ್ತಿರುವಷ್ಟು ಕೋಳಿ ತಿನ್ನುವವರಿಗೂ ಗೊತ್ತಿರಲಿಕ್ಕಿಲ್ಲ. ಕಾರಣ ಇಷ್ಟೆ. ಶಹಾಬಾದಿನಲ್ಲಿ, ಕಾಗಿಣಾ ಹೊಳೆಯ ಕಡೆಗೆ ಇಳಿಯುವ ನಮ್ಮ ಓಣಿಯಲ್ಲಿ, ನನ್ನ ಮನೆಗೂ ಅಂಬುಬಾಯಿಯ ಮನೆಗೂ ನಡುವೆ ಇರುವುದು ಎದೆಯೆತ್ತರಕ್ಕೆ ನಿಲ್ಲಿಸಿದ ಫರಸಿ ಕಲ್ಲುಗಳ ಬೇಲಿ. ನನ್ನ ಹೊಲಿಗೆ ಯಂತ್ರ ಆ ಬೇಲಿಗೆ ಮುಖ ಮಾಡಿಕೊಂಡು ಕೂತಿದೆ. ಬ್ಲೌಸು ಹೊಲಿಯುತ್ತ ತಲೆ ಎತ್ತಿದರೆ ಅವಳ ಅಂಗಳ.

ಅದು ಸಾಮಾನ್ಯ ಅಂಗಳವಲ್ಲ. ಅವಳ ಗಂಡ ಅಂಬರಾಯ ಕಲ್ಲಿನ ಖಣಿಯಲ್ಲಿ ದುಡಿಯುತ್ತಿದ್ದ. ಅಂಚು ಒಡೆದು ಮಾರಾಟಕ್ಕೆ ಬಾರದ ಫರಸಿಗಳನ್ನು ಕೇಳಿ ತಂದು, ಒಂದೊಂದಾಗಿ ಕೂರಿಸಿ, ಗೋಡೆಯಿಂದ ಗೋಡೆಗೆ ಒಂದು ಹಿಡಿ ಮಣ್ಣೂ ಕಾಣದ ಹಾಗೆ ಹಾಸಿದ್ದ. ಹೊಳೆಯಲ್ಲಿ ಮೀನು ಹಿಡಿದುಕೊಂಡಿದ್ದ ಕೋಲಿಗರ ಮನೆಯಲ್ಲಿ ಫರಸಿ ಅಂಗಳ ಆದದ್ದು ಓಣಿಯಲ್ಲಿ ಅದೇ ಮೊದಲು. ಆ ಕಲ್ಲಿನ ಪುಡಿಯೇ ಎದೆಯಲ್ಲಿ ಕೂತು ಅವನು ಕೆಮ್ಮಿ ಕೆಮ್ಮಿ ಸತ್ತ. ಮಗ ದತ್ತುವನ್ನು ಅವಳು ಕೋಳಿ ಸಾಕಿಯೇ ದೊಡ್ಡವನನ್ನಾಗಿ ಮಾಡಿದಳು. ದತ್ತು ಈಗ ಫರಸಿಗೆ ಪಾಲಿಶು ಹೊಡೆಯುವ ಕಡೆ ಕೆಲಸಕ್ಕಿದ್ದಾನೆ. ಕುಡಿಯುವುದಿಲ್ಲ, ಕೈ ಎತ್ತುವುದಿಲ್ಲ, ತಾಯಿಯ ಎದುರು ಮಾತಾಡುವುದಿಲ್ಲ. ಕೆಟ್ಟವನು ಎಂದು ಬೆರಳು ಮಾಡಿ ತೋರಿಸಲು ಅವನಲ್ಲಿ ಏನೂ ಇಲ್ಲ, ಕಷ್ಟ ಇರುವುದೇ ಅಲ್ಲಿ.

ಹೆಂಟೆಯನ್ನು ಒಲಿಸಲು ಹುಂಜ ಏನು ಮಾಡುತ್ತದೆ ಎಂಬುದನ್ನು ನನಗೆ ಬೇಲಿಯಾಚೆಯಿಂದ ಬಿಡಿಸಿ ಹೇಳಿದವಳು ಅಂಬುಬಾಯಿ. ಮೊದಲು ಕಾಳು ತೋರಿಸಿ ಕರೆಯುತ್ತದೆ. ಆಮೇಲೆ ಒಂದು ರೆಕ್ಕೆಯನ್ನು ನೆಲಕ್ಕೆ ಇಳಿಬಿಟ್ಟು, ಅದನ್ನು ಕಾಲಿನಿಂದ ಗೀಚುತ್ತ, ಅಡ್ಡಡ್ಡ ಹೆಜ್ಜೆಯಲ್ಲಿ ಹೆಂಟೆಯ ಸುತ್ತ ಅರ್ಧ ಸುತ್ತು ಬರುತ್ತದೆ. ಹೆಂಟೆಗೆ ಮನಸ್ಸಿದ್ದರೆ ಕುಗ್ಗಿ ಕೂರುತ್ತದೆ, ಇಲ್ಲದಿದ್ದರೆ ಓಡುತ್ತದೆ. ಒಳ್ಳೆಯ ಹುಂಜ ಓಡಿದವಳನ್ನು ಅಟ್ಟಿಸಿಕೊಂಡು ಹೋಗುವುದಿಲ್ಲ. ಕೂತವಳ ಕತ್ತಿನ ಪುಕ್ಕ ಕಚ್ಚಿ, ಬೆನ್ನು ಏರಿ, ಬಾಲ ಬಾಗಿಸಿ ಮುಟ್ಟಿಸಿ ಇಳಿಯುವುದಕ್ಕೆ ರೆಪ್ಪೆ ಬಡಿಯುವಷ್ಟು ಹೊತ್ತೂ ಬೇಡ. ಹೆಂಟೆ ಎದ್ದು ಪಟಪಟನೆ ಮೈ ಝಾಡಿಸಿಕೊಂಡಿತೋ, ಕೆಲಸ ಆದ ಹಾಗೆ. ಮೊದಮೊದಲು ನಾನು ನಾಚಿಕೆಯಿಂದ ಸೂಜಿಯ ಕಡೆ ನೋಡುತ್ತಿದ್ದೆ. ದಿನಾ ಕಾಣುವುದಕ್ಕೆ ಎಷ್ಟು ದಿನ ನಾಚಿಕೊಳ್ಳುವುದು?

ಹುಂಜ ಹತ್ತಿ ಹತ್ತಿ ಹೆಂಟೆಯ ಬೆನ್ನಿನ ಪುಕ್ಕ ಉದುರಿದರೆ ಅಂಬುಬಾಯಿ ನನ್ನಿಂದ ಚಿಂದಿ ಬಟ್ಟೆ ಇಸಿದುಕೊಂಡು ಅದರ ಬೆನ್ನಿಗೆ ಕಟ್ಟುತ್ತಿದ್ದಳು. ಹುಂಜದ ಕಾಲಿನ ಮುಳ್ಳು ಬೆಳೆದಿದ್ದರೆ ಹಿಡಿದುಕೊಂಡು ಫರಸಿಗೆ ತಿಕ್ಕಿ ಮೊಂಡು ಮಾಡುತ್ತಿದ್ದಳು. ಕಾವಿಗೆ ಇಟ್ಟ ತತ್ತಿಗಳನ್ನು ಒಂದು ವಾರ ಬಿಟ್ಟು ಕತ್ತಲ ಮೂಲೆಯಲ್ಲಿ ಮೊಬೈಲಿನ ಬೆಳಕಿಗೆ ಹಿಡಿಯುತ್ತಿದ್ದಳು. ಒಳಗೆ ಕೆಂಪು ನರಗಳ ಬಲೆ ಕಂಡರೆ ಜೀವ ಹಿಡಿದಿದೆ. ಬರೀ ತಿಳಿಯಾಗಿ ಕಂಡರೆ ಜೀವ ಇಲ್ಲ. ಹಾಗೆ ತಿಳಿ ತತ್ತಿ ಹೆಚ್ಚಾದರೆ ಅವಳು ಹೆಂಟೆಯ ಸುದ್ದಿಗೇ ಹೋಗುತ್ತಿರಲಿಲ್ಲ, ಹುಂಜವನ್ನು ಬದಲಾಯಿಸುತ್ತಿದ್ದಳು. ಅವಳ ಅಂಗಳದ ನ್ಯಾಯದಲ್ಲಿ ಹೆಂಟೆಯದು ತಪ್ಪು ಎಂಬ ತೀರ್ಪು ಒಮ್ಮೆಯೂ ಬಂದದ್ದನ್ನು ನಾನು ಕಂಡಿಲ್ಲ.

ದತ್ತುವಿಗೆ ಚಿತ್ತಾಪುರದ ಕಡೆಯಿಂದ ಸುಶ್ಮಿತಾಳನ್ನು ತಂದರು. ನಗುಮುಖದ ಹುಡುಗಿ, ಕಣ್ಣು ಚುರುಕು. ಬಂದ ತಿಂಗಳಲ್ಲೇ ಯಾವ ಹೆಂಟೆ ಎಲ್ಲಿ ಕದ್ದು ತತ್ತಿ ಇಡುತ್ತದೆ ಎಂದು ಅತ್ತೆಗಿಂತ ಮೊದಲು ಅವಳಿಗೆ ಗೊತ್ತಾಗುತ್ತಿತ್ತು. ಅತ್ತೆ ಸೊಸೆ ಇಬ್ಬರೂ ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು ಹುಂಜದ ಕುಣಿತ ನೋಡಿ ನಗುತ್ತಿದ್ದರೆ ನನಗೂ ಯಂತ್ರ ನಿಲ್ಲಿಸಿ ನಗು ಬರುತ್ತಿತ್ತು.

ವರ್ಷ ಎರಡಾದರೂ ಸುಶ್ಮಿತಾಳ ಮಡಿಲು ತುಂಬಲಿಲ್ಲ. ಆಗ ಅಂಬುಬಾಯಿ ತನ್ನ ಬಳಿಯಿದ್ದ ಅತ್ಯುತ್ತಮ ಹುಂಜವನ್ನು ಹಿಡಿದಳು. ಕೆಂಪು ಕತ್ತು, ಕಪ್ಪು ಬಾಲ, ಎಳೆ ಪ್ರಾಯ. ಅದನ್ನು ಸೊಸೆಯ ತಲೆಯ ಸುತ್ತ ನಿವಾಳಿಸಿ ಇಳಿ ತೆಗೆದು, ಕಾಲಿಗೆ ಹಸಿರು ದಾರ ಕಟ್ಟಿ ಮರಗಮ್ಮನ ಹೆಸರಿಗೆ ಬಿಟ್ಟಳು. ಮೊಮ್ಮಗು ಹುಟ್ಟಿದ ಮೇಲೆ ಗುಡಿಗೆ ಒಯ್ದು ಕೊಡುವುದು. ಅಲ್ಲಿಯವರೆಗೆ ಅದನ್ನು ಕೊಯ್ಯುವ ಹಾಗಿಲ್ಲ, ಮಾರುವ ಹಾಗಿಲ್ಲ, ಗೂಡಿನಲ್ಲಿ ಬಂಧಿಸುವ ಹಾಗೂ ಇಲ್ಲ. ಬೇರೆ ಹುಂಜದೊಡನೆ ಕಾದಾಡಿ ಅದಕ್ಕೆ ಗಾಯವಾದರೆ ಅಪಶಕುನ ಎಂದು, ಮರಿಗಳಲ್ಲಿ ಗಂಡಾಗಿದ್ದವನ್ನೆಲ್ಲ ಕೂಗು ಕಲಿಯುವ ಮೊದಲೇ ಮಾರಿಬಿಟ್ಟಳು. ಅಂಗಳದಲ್ಲಿ ಉಳಿದದ್ದು ಅದೊಂದೇ.

ದೇವರ ಹೆಸರು ಹೊತ್ತ ಮೇಲೆ ಕೇಳಬೇಕೆ! ಅಂಬುಬಾಯಿ ತಾನು ರೊಟ್ಟಿ ತಿನ್ನುವ ಮೊದಲು ಅದಕ್ಕೆ ಚೂರು ಹಾಕುತ್ತಿದ್ದಳು. ಓಣಿಯ ಹೆಂಗಸರು ಹೋಗುತ್ತ ಬರುತ್ತ ಒಂದು ಹಿಡಿ ಜೋಳ ಚೆಲ್ಲುತ್ತಿದ್ದರು. ಹುಂಜ ಕೊಬ್ಬಿ ಮೈ ಬಿಟ್ಟಿತು. ನಮ್ಮ ಬೇಲಿಯ ಕಲ್ಲಿನ ಮೇಲೆ ನಿಂತು ಕೂಗುವುದು, ಅಲ್ಲಿಂದ ದೊಪ್ಪನೆ ಫರಸಿಯ ಮೇಲೆ ಹಾರುವುದು. ಮಣ್ಣಿನ ಅಂಗಳವಾಗಿದ್ದರೆ ನೆಲ ಆ ಭಾರ ಕುಡಿಯುತ್ತಿತ್ತು. ಕಲ್ಲು ಕುಡಿಯುವುದಿಲ್ಲ. ಹಾರಿ ಹಾರಿ ಅದರ ಅಂಗಾಲಿನಲ್ಲಿ ಗಂಟು ಕಟ್ಟಿಕೊಂಡು ಕೀವು ತುಂಬಿತು.

ಮೊದಲು ಕಂಡುಹಿಡಿದವಳು ಸುಶ್ಮಿತಾ. ಹುಂಜ ಈಗ ಕಾಳಿಲ್ಲದೆಯೂ ಕರೆಯುತ್ತದೆ, ಬರೀ ಹರಳು ಎತ್ತಿ ಹಾಕುತ್ತದೆ, ಹೆಂಟೆ ಓಡಿಬಂದರೆ ಅಲ್ಲಿ ಏನೂ ಇರುವುದಿಲ್ಲ ಎಂದು ಅವಳು ಅತ್ತೆಗೆ ತೋರಿಸಿದಳು. ಕುಣಿತಕ್ಕೇನೂ ಕೊರತೆ ಇರಲಿಲ್ಲ. ರೆಕ್ಕೆ ಇಳಿಬಿಟ್ಟು ದಿನವಿಡೀ ಸುತ್ತುತ್ತಿತ್ತು. ಹೆಂಟೆ ಪಾಪ ಕುಗ್ಗಿ ಕೂರುವುದು, ಇದು ಬೆನ್ನು ಏರುವುದು, ಕಾಲು ಊರಲಾರದೆ ಬಾಲ ಮುಟ್ಟಿಸುವ ಮೊದಲೇ ಪಕ್ಕಕ್ಕೆ ಜಾರುವುದು. ಇಳಿದು ಎದೆ ಉಬ್ಬಿಸಿ ಕೂಗಿದರೆ ಮಾತ್ರ ರೈಲ್ವೆ ಸ್ಟೇಷನ್ನಿಗೆ ಕೇಳಬೇಕು.

ಆ ಬೇಸಿಗೆಯ ತತ್ತಿಗಳೆಲ್ಲ ತಿಳಿಯಾಗಿದ್ದವು. ಅಂಬುಬಾಯಿ ತನ್ನ ರೂಢಿಯಂತೆ ಪರೀಕ್ಷೆ ಮಾಡಿದಳು. ಕರಿ ಹೆಂಟೆಯನ್ನು ಬುಟ್ಟಿಯಲ್ಲಿ ಮುಚ್ಚಿಕೊಂಡು ಹಿಂದಿನ ಓಣಿಯ ಅಮೀರ್ಬೀಯ ಮನೆಗೆ ಒಯ್ದು, ಅವಳ ಹುಂಜದ ಜೊತೆ ಕೆಲವು ದಿನ ಬಿಟ್ಟು ತಂದಳು. ಮುಂದಿನ ಕಾವಿನಲ್ಲಿ ಅದೇ ಕರಿ ಹೆಂಟೆಯ ತತ್ತಿಗಳಲ್ಲಿ ಕೆಂಪು ನರ ಕಂಡವು. ಅವಳು ಹರಕೆ ಹುಂಜವನ್ನು ಹಿಡಿದು ಅಂಗಾಲು ನೋಡಿ, ನಿಟ್ಟುಸಿರು ಬಿಟ್ಟು, ಹಾಗೇ ಇಳಿಸಿದಳು. ಹರಕೆಯದಲ್ಲವೇ! ಅಂದಿನಿಂದ ಮರಿ ಬೇಕಾದಾಗ ಹೆಂಟೆಯೇ ಅಮೀರ್ಬೀಯ ಮನೆಗೆ ಹೋಗಿ ಬರುವುದು ರೂಢಿಯಾಯಿತು.

ಅದೇ ದಿನಗಳಲ್ಲಿ ಸುಶ್ಮಿತಾಳನ್ನು ಕಲಬುರಗಿಯಲ್ಲಿ ಡಾಕ್ಟರಿಗೆ ತೋರಿಸಿದ್ದರು. ಅವರು ಎಲ್ಲ ಪರೀಕ್ಷೆ ಮಾಡಿ, ಇವಳದು ಸರಿಯಿದೆ, ಗಂಡನನ್ನು ಕರೆದುಕೊಂಡು ಬನ್ನಿ ಎಂದಿದ್ದರು. ದತ್ತು ಹೋಗಲಿಲ್ಲ. ತನಗೇನಾಗಿದೆ, ಇಡೀ ಫರಸಿ ಒಬ್ಬನೇ ಎತ್ತುತ್ತೇನೆ ಎಂದ. ತಾಯಿಯೂ ಹೌದೌದು ಎಂದಳು. ಹೆತ್ತವರಿಗೆ ಹೆಗ್ಗಣ ಮುದ್ದು.

ಒಂದು ಮಧ್ಯಾಹ್ನ ಅಂಬುಬಾಯಿ ಇನ್ನೊಂದು ಹೆಂಟೆಯನ್ನು ಬುಟ್ಟಿಗೆ ಹಾಕುತ್ತಿದ್ದಳು. ಅಂಗಳ ಗುಡಿಸುತ್ತಿದ್ದ ಸುಶ್ಮಿತಾ ಕಸಬರಿಗೆ ಕೆಳಗಿಟ್ಟು ನೇರ ನಿಂತಳು. ನಾನು ಗುಂಡಿ ಹಚ್ಚುತ್ತಿದ್ದೆ, ಪ್ರತಿ ಮಾತೂ ಕೇಳಿತು.

"ಅತ್ತಿ, ಕರಿ ಹ್ಯಾಟಿ ಬರೋಬರಿ ಅದ ಅಂತ ಗೊತ್ತಾದ ಮ್ಯಾಲೆ ನೀವು ಹುಂಜದ ಕಾಲು ನೋಡಿದ್ರಿ. ಡಾಕ್ಟರು ನಾ ಬರೋಬರಿ ಅದೀನಿ ಅಂದಾರ. ಇನ್ನ ಇವರನ್ನೂ ಒಮ್ಮೆ ತೋರಿಸ್ರಿ."

ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ, ಒರಟೂ ಇರಲಿಲ್ಲ. ಅತ್ತೆ ಕಲಿಸಿದ ಪಾಠವನ್ನೇ ಅವಳು ಅತ್ತೆಗೆ ಒಪ್ಪಿಸಿದ್ದಳು. ಅಂಬುಬಾಯಿಯ ಮುಖ ಮಾತ್ರ ಇದ್ದಿಲಿನ ಬಣ್ಣಕ್ಕೆ ತಿರುಗಿತು.

"ನನ್ನ ಮಗನ್ನ ಕೋಳಿ ಮಾಡ್ದೇನು?" ಎಂದಳು.

ಅಷ್ಟೆ. ಮುಂದಿನ ಕೆಲವು ದಿನಗಳಲ್ಲಿ ಆ ಮಾತು ಓಣಿ ತುಂಬ ಓಡಾಡಿ, ಸೊಸೆ ಗಂಡನನ್ನು ಹುಂಜಕ್ಕೆ ಹೋಲಿಸಿದಳಂತೆ, ಹೆಂಟೆಯ ಹಾಗೆ ತನ್ನನ್ನೂ ಬೇರೆ ಮನೆಗೆ ಒಯ್ಯಿರಿ ಎಂದಳಂತೆ ಎಂದಾಯಿತು. ಬೇಲಿಯ ಬಳಿ ಹೋಗಿ ನಾನು, ಹುಡುಗಿ ಹಾಗೆ ಅನ್ನಲಿಲ್ಲ, ಅಂದದ್ದು ಸರಿಯಾಗಿಯೇ ಇತ್ತು ಎಂದೆ. ಅಂಬುಬಾಯಿ ನನ್ನ ಕಡೆ ನೋಡದೆ ಉತ್ತರ ಕೊಟ್ಟಳು: "ತತ್ತಿ ಮುಟ್ಟದವರು ನೀವು. ಕೋಳಿ ಸುದ್ದಿ ನಿಮಗೇನ್ ತಿಳೀತದ ಅಕ್ಕಾ? ನೀವು ಹೊಲೀರಿ." ನನಗೆ ಸಿಟ್ಟು ಬಂತು. ಒಂದು ವರ್ಷ ಅವಳ ಬ್ಲೌಸು ಹೊಲಿಯಲಿಲ್ಲ. ಸುಶ್ಮಿತಾ ಒಂದು ಚೀಲ ಹಿಡಿದುಕೊಂಡು ತವರಿಗೆ ಹೋದಳು. ಹಿರಿಯರು ಕೂತು ಗಂಡ ಹೆಂಡತಿಯನ್ನು ಬಿಡಿಸುವ ಸೋಡಚೀಟಿ ಮಾಡಿದರು. ಚಿಮ್ಮನಚೋಡದ ಕಡೆಯ ಒಬ್ಬ ವಿಧುರನ ಜೊತೆ ಅವಳ ಉಡಿಕಿ, ಅಂದರೆ ಮರುಮದುವೆ, ಆಯಿತು ಎಂದು ಆಮೇಲೆ ಸುದ್ದಿ ಬಂತು.

ಕೊಡ್ಲಿಯಿಂದ ಬಂದ ಎರಡನೆಯವಳು ಜಗದೇವಿ. ತವರು ಒಂದೇ ಕೋಣೆಯ ಮನೆ, ಅವಳ ಹಿಂದೆ ಮದುವೆಗೆ ಬಂದ ತಂಗಿಯರಿಬ್ಬರು. ಅವಳಿಗೆ ಮಾತೇ ಬರುವುದಿಲ್ಲವೇನೋ ಅನ್ನಬೇಕು. ಅಂಬುಬಾಯಿಗೆ ಈ ಸಲ ಇಂಥ ಸೊಸೆಯೇ ಬೇಕಿತ್ತು. ಹರಕೆ ಹುಂಜದ ಕಾಲಿಗೆ ಹಳೆಯ ದಾರ ಬಿಚ್ಚಿ ಹೊಸ ದಾರ ಕಟ್ಟಿ, ಇವಳ ತಲೆಗೂ ಇಳಿ ತೆಗೆದಳು. ಪ್ರತಿ ಮಂಗಳವಾರ ಉಪವಾಸ. ಸಂಜೆ ದೀಪ ಹಚ್ಚಿ, ಗೋಡೆಯ ಮಾಡದಲ್ಲಿದ್ದ ಮರಗಮ್ಮನ ಮುಂದೆ ಸೊಸೆಯನ್ನು ನಿಲ್ಲಿಸಿ ಒಂದು ಮಾತು ಹೇಳಿಸುತ್ತಿದ್ದಳು: "ದೋಷ ನಂದದ ತಾಯಿ, ಮಾಫ್ ಮಾಡು." ಮೊದಲ ವಾರಗಳಲ್ಲಿ ಜಗದೇವಿಯ ದನಿ ಹೊರಗೆ ಬರುತ್ತಿರಲಿಲ್ಲ. ಜೋರಾಗಿ ಹೇಳು, ತಾಯಿಗೆ ಕೇಳಬೇಕು ಎಂದು ಅತ್ತೆ ಗದರುತ್ತಿದ್ದಳು. ಬರಬರುತ್ತ ನನ್ನ ಯಂತ್ರದ ಸದ್ದನ್ನೂ ಮೀರಿ ಕೇಳತೊಡಗಿತು. ನಾನು ಕಿಟಕಿ ಮುಚ್ಚಿಕೊಳ್ಳುತ್ತಿದ್ದೆ.

ಆ ನಡುವೆ ಕೋಳಿಗಳಿಗೆ ರೋಗ ಬಂದು ಅಮೀರ್ಬೀಯ ಹುಂಜ, ಹೆಂಟೆ ಎಲ್ಲ ಸತ್ತವು. ಅಂಬುಬಾಯಿಯ ಅಂಗಳದಲ್ಲಿ ಕರಿ ಹೆಂಟೆ, ಅದರ ಜೊತೆ ಇನ್ನೆರಡು, ಮತ್ತು ಹುಂಜ ಉಳಿದವು. ಮರಿಗಳ ಚಿಲಿಪಿಲಿ ನಿಂತಿತು. ಕರಿ ಹೆಂಟೆ ತಿಳಿ ತತ್ತಿಗಳ ಮೇಲೆ ಕಾವಿಗೆ ಕೂತು ಕೂತು ಸೊರಗಿತು. ಎಬ್ಬಿಸಿದರೂ ಮತ್ತೆ ಹೋಗಿ ಕೂರುತ್ತಿತ್ತು. ಅದನ್ನು ನೋಡಿ ನನಗೆ ಕಣ್ಣೀರು ಬಂತು ಎಂದು ಹೇಳಿದರೆ ನಮ್ಮ ಮನೆಯಲ್ಲಿ ನಗುತ್ತಾರೆ.

ಜಗದೇವಿಗೆ ಬಸುರು ನಿಲ್ಲಲು ಯಾರೋ ಹೇಳಿದ ನಾಟಿ ಔಷಧಿ ತರಲು ಅಂಬುಬಾಯಿ ಕಾಳಗಿಗೆ ಹೋದಳು. ಸಂತೆಯ ದಿನ. ಬಳೆ ಅಂಗಡಿಯ ಮುಂದೆ ಸುಶ್ಮಿತಾ ನಿಂತಿದ್ದಳು, ಕಂಕುಳಲ್ಲಿ ಕೂಸು. ಆಗಲೇ ಎರಡು ಹಲ್ಲು ಬಂದಿದ್ದ ಗಂಡು ಕೂಸು. ಅಲ್ಲಿ ನಡೆದದ್ದನ್ನು ಅಂಬುಬಾಯಿ ಆಮೇಲೆ ನನಗೆ ಎಷ್ಟೋ ಸಲ ಹೇಳಿದ್ದಾಳೆ. ಮುಖ ತಿರುಗಿಸಿ ಹೋಗಬಹುದಿತ್ತು, ಸುಶ್ಮಿತಾ ಹೋಗಲಿಲ್ಲ. ಬಂದು ಕಾಲು ಮುಟ್ಟಿದಳು. ಕೂಸನ್ನು ಎತ್ತಿ ಅಂಬುಬಾಯಿಯ ಕೈಗೆ ಕೊಟ್ಟಳು. ಅದು ಅವಳ ಕಿವಿಯೋಲೆ ಹಿಡಿದು ಜಗ್ಗಿತು.

"ಹುಂಜ ಇನ್ನೂ ಅದ ಏನ್ರಿ?" ಎಂದು ಸುಶ್ಮಿತಾ ಕೇಳಿದಳು.

"ಅದ."

"ಕೂಗ್ತದ?"

"ಭಾಳ ಕೂಗ್ತದ" ಎಂದಳು ಅಂಬುಬಾಯಿ. ಔಷಧಿ ತಾರದೆ ಬಸ್ಸು ಹತ್ತಿದಳು.

ಮನೆಗೆ ಬಂದವಳೇ ನೇರ ನಮ್ಮ ಬೇಲಿಗೆ ಬಂದಳು. ಬೇಲಿಯ ಕಲ್ಲು ಹಿಡಿದುಕೊಂಡು, ತಾನು ಕರಿ ಹೆಂಟೆಗೆ ಮಾಡಿದ ನ್ಯಾಯವನ್ನು ಸುಶ್ಮಿತಾಗೆ ಮಾಡಲಿಲ್ಲ ಎಂದಳು. ಹೆಂಟೆ ಬೇರೆ ಅಂಗಳಕ್ಕೆ ಹೋಗಿ ಮರಿ ಮಾಡಿದ ಮೇಲೆ ಇನ್ನೇನು ಸಾಕ್ಷಿ ಬೇಕು ಎಂದಳು. ನಾನು ಸಮಾಧಾನ ಮಾಡಲಿಲ್ಲ. ಸುಶ್ಮಿತಾಳದು ಹೇಗೋ ಆಯಿತು, ಒಳಗೆ ಇನ್ನೊಬ್ಬಳಿದ್ದಾಳಲ್ಲ ಅವಳಿಗೆ ಏನು ಹೇಳುತ್ತೀ ಎಂದೆ. ಅದೇ ಮುಖ್ಯವಾಗಿತ್ತು. ದತ್ತುವಿನ ಚಿಕ್ಕಪ್ಪ ವಾಡಿಯಲ್ಲಿದ್ದಾನೆ. ಇವಳದೂ ನಡೆಯಲಿಲ್ಲ, ಕಳಿಸಿಬಿಡಿ, ಸೇಡಂ ಕಡೆ ಒಂದು ಹುಡುಗಿ ಇದೆ ಎಂದು ಅವನು ಆಗಲೇ ಶುರುಮಾಡಿದ್ದ. ಬರುವ ಅಮಾವಾಸ್ಯೆಯ ನಂತರ ಜಗದೇವಿಯ ತಂದೆಯನ್ನು ಕರೆಸಿ ಮಾತು ಮುಗಿಸುವುದಿತ್ತು.

ಅಂಬುಬಾಯಿ ಮೊದಲು ಮಗನಿಗೆ ಹೇಳಿದಳು. ಡಾಕ್ಟರ ಹತ್ತಿರ ಹೋಗು, ಔಷಧಿ ಇದ್ದರೆ ಕೊಡುತ್ತಾರೆ, ಇಲ್ಲದಿದ್ದರೆ ಇಬ್ಬರೇ ಇರಿ, ಹುಡುಗಿಯನ್ನು ಕಳಿಸಬೇಡ ಎಂದು ಬೇಡಿಕೊಂಡಳು. ದತ್ತು ಎದುರಾಡಲಿಲ್ಲ. ಅವನು ಯಾವಾಗ ಎದುರಾಡಿದ್ದಾನೆ? ಅಂಗಿ ಹಾಕಿಕೊಂಡು ಕೆಲಸಕ್ಕೆ ಹೋದ. ಅಂದಿನಿಂದ ತಾಯಿ ಬಡಿಸಿದರೆ ಉಣ್ಣಲಿಲ್ಲ.

ಹಿರಿಯರು ಕೂತದ್ದು ಅಂಗಳದಲ್ಲೇ, ಫರಸಿಯ ಮೇಲೆ ಚಾಪೆ ಹಾಸಿ. ಚಿಕ್ಕಪ್ಪ, ಓಣಿಯ ಇಬ್ಬರು ಹಿರಿಯರು, ಕೊಡ್ಲಿಯಿಂದ ಬಂದ ಜಗದೇವಿಯ ತಂದೆ. ಅವನು ಟೋಪಿಯನ್ನು ಕೈಯಲ್ಲಿ ಹಿಂಡುತ್ತ, ತಪ್ಪು ಮಾಡಿದವನ ಹಾಗೆ ಕೂತಿದ್ದ. ನನ್ನನ್ನು ಯಾರೂ ಕರೆದಿರಲಿಲ್ಲ. ನಾನು ಬೇಲಿಯ ಬಳಿ ನಿಂತೇ ಇದ್ದೆ. ಚಿಕ್ಕಪ್ಪ ಬಾಯಿ ತೆರೆಯುವ ಮೊದಲೇ ಅಂಬುಬಾಯಿ ಸೆರಗು ಹೊದ್ದು ನಡುವೆ ಬಂದು ನಿಂತಳು.

"ತಪ್ಪು ಹುಡುಗೀದಲ್ಲ. ನನ್ನ ಮಗಂದು. ಸುಶ್ಮಿತಾಗ ಕೂಸು ಆಗ್ಯಾದ, ಈ ಕೈಯಾಗ ಎತ್ತಿ ನೋಡಿ ಬಂದೀನಿ. ಹುಂಜ ಸರಿ ಇಲ್ಲ ಅಂತ ಗೊತ್ತಿದ್ದೂ ನಾ ಹ್ಯಾಟಿಗೆ ಉಪಾಸ ಕೆಡವೀನಿ."

ದತ್ತು ನೆಲ ನೋಡುತ್ತಿದ್ದ, ಕಿವಿ ಕೆಂಪಾಗಿದ್ದವು. ಹೆತ್ತ ತಾಯಿ ನಾಲ್ಕು ಜನರ ಮುಂದೆ ಮಗನ ಬಗ್ಗೆ ಹೀಗೆ ಹೇಳುವುದು ಎಂದರೆ ಸಣ್ಣ ಮಾತಲ್ಲ. ಆ ಹೊತ್ತಿಗೆ ನನಗೆ ಅವಳ ಮೇಲಿದ್ದ ಸಿಟ್ಟೆಲ್ಲ ಇಳಿಯಿತು. ಜಗದೇವಿಯ ತಂದೆ ಮೆಲ್ಲಗೆ ತಲೆ ಎತ್ತಿದ. ಇನ್ನೊಂದು ಗಳಿಗೆ ಹಾಗೇ ಇದ್ದಿದ್ದರೆ ಮಾತು ಬೇರೆ ಕಡೆಗೆ ಹೊರಳುತ್ತಿತ್ತು.

ಅಡಿಗೆಮನೆಯ ಬಾಗಿಲಲ್ಲಿ ಜಗದೇವಿ ಬಂದು ನಿಂತಳು. ಎರಡು ವರ್ಷದಲ್ಲಿ ಅವಳು ಗಂಡಸರ ಮುಂದೆ ಬಾಯಿ ಬಿಟ್ಟದ್ದನ್ನು ನಾನು ಕೇಳಿರಲಿಲ್ಲ.

"ಅತ್ತಿ ನನ್ನ ಉಳಿಸ್ಲಿಕ್ಕ ಹಂಗ ಹೇಳಾಕತ್ತಾರ್ರಿ. ನಮ್ಮ ಮನಿಯವರದೇನಿಲ್ಲ. ದೋಷ ನಂದದ" ಎಂದಳು.

ಜೋರಾಗಿ, ಸ್ಪಷ್ಟವಾಗಿ ಹೇಳಿದಳು. ಮಾಡದ ಮುಂದೆ ಹೇಳಿ ಹೇಳಿ ದನಿ ಪಳಗಿತ್ತು. ಗಂಡನ ಮಾನ ಹೋದರೆ ತನ್ನನ್ನು ಇಟ್ಟುಕೊಳ್ಳುವುದಿಲ್ಲ, ತಾನು ತಪ್ಪು ಒಪ್ಪಿಕೊಂಡು ಬಗ್ಗಿ ನಿಂತರೆ ಮೂಲೆಯಲ್ಲಾದರೂ ಬಿದ್ದಿರಲು ಬಿಡುತ್ತಾರೆ ಎಂದು ಆ ಹುಡುಗಿ ಲೆಕ್ಕ ಹಾಕಿತ್ತು. ಅಂಬುಬಾಯಿ, ಅದು ಸುಳ್ಳು, ನಾನು ಹೇಳಿಕೊಟ್ಟದ್ದು ಎಂದು ಕೂಗಿಕೊಂಡಳು. ಚಿಕ್ಕಪ್ಪ ಅವಳನ್ನು ಕೈಯೆತ್ತಿ ತಡೆದ.

"ತಾನೇ ಒಪ್ಪಿಕೊಂಡಾಳ. ಇನ್ನೇನು ಕೇಳೋದದ?"

ಎಲ್ಲರಿಗೂ ಹಗುರವಾಯಿತು. ನಿಜವಾಗಿ ಹೇಳುತ್ತೇನೆ, ಜಗದೇವಿಯ ತಂದೆಯ ಮುಖವೂ ಸ್ವಲ್ಪ ಹಗುರಾಯಿತು. ಗಂಡಿನ ದೋಷ ಎಂದರೆ ಅವನು ಜಗಳ ಆಡಬೇಕಿತ್ತು, ಹೆಣ್ಣಿನ ದೋಷವಾದರೆ ತಲೆ ತಗ್ಗಿಸಿದರೆ ಸಾಕು. ಅದು ಅವನಿಗೆ ರೂಢಿಯಿತ್ತು. ಮಧ್ಯಾಹ್ನದ ಬಸ್ಸಿಗೆ ಮಗಳನ್ನು ಕರೆದುಕೊಂಡು ಹೋದ. ಓಣಿಯ ತಿರುವು ದಾಟುವವರೆಗೂ ಜಗದೇವಿ ಹಿಂದಿರುಗಿ ನೋಡುತ್ತಿದ್ದಳು. ತಾನ್ಯಾಕೆ ಹೋಗುತ್ತಿದ್ದೇನೆ ಎಂದು ಅವಳಿಗೆ ಅರ್ಥವಾಗಿರಲಿಲ್ಲ. ಬೈಗುಳವಿಲ್ಲ, ಹೊಡೆತವಿಲ್ಲ, ಅವಳದೇ ಮಾತು ಅವಳನ್ನು ಎತ್ತಿ ಹೊರಗೆ ಇಟ್ಟಿತು. ಆ ಮಾತನ್ನು ಅವಳ ಬಾಯಲ್ಲಿ ಇಟ್ಟವಳು ನನ್ನ ಪಕ್ಕದಲ್ಲಿ ಬೇಲಿ ಹಿಡಿದು ನಿಂತಿದ್ದಳು.

ಮರುದಿನ ಬೆಳಿಗ್ಗೆ ಅಂಬುಬಾಯಿ ಹರಕೆ ಹುಂಜದ ಕಾಲಿನ ದಾರ ಹರಿದು, ಎಲ್ಲರೂ ನೋಡುತ್ತಿದ್ದಂತೆ ಅದನ್ನು ಕೊಯ್ದಳು. ದೇವರದನ್ನು ಕೊಯ್ದಳಲ್ಲ ಎಂದು ಓಣಿಯ ಹೆಂಗಸರು ಬಾಯಿಗೆ ಸೆರಗು ಇಟ್ಟುಕೊಂಡರು. ಯಾರೂ ಅದನ್ನು ತಿನ್ನಲಿಲ್ಲ. ಹೊಳೆದಂಡೆಗೆ ಒಯ್ದು ಹುಗಿದು ಬಂದಳು. ಆಮೇಲೆ ಹಾರೆ ತೆಗೆದುಕೊಂಡು ಅಂಬರಾಯ ಹಾಸಿದ ಫರಸಿಗಳನ್ನು ಒಂದೊಂದಾಗಿ ಎಬ್ಬಿಸತೊಡಗಿದಳು. ದತ್ತು ಅದನ್ನು ನೋಡಿ ಬಟ್ಟೆ ಕಟ್ಟಿಕೊಂಡು ವಾಡಿಗೆ ಚಿಕ್ಕಪ್ಪನ ಮನೆಗೆ ಹೋದ. ಸೇಡಂ ಕಡೆಯ ಮಾತು ಮುಂದುವರಿದಿದೆ ಎಂದು ಕೇಳುತ್ತೇವೆ. ಆ ಹುಡುಗಿಯ ಮನೆಯವರಿಗೆ ಅಂಬುಬಾಯಿ ನಿಜ ಹೇಳಿಕಳಿಸಿ ನೋಡಿದಳು. ಹರಕೆ ಮುರಿದ ತಲೆಕೆಟ್ಟ ಮುದುಕಿಯ ಮಾತನ್ನು ಯಾರು ನಂಬುತ್ತಾರೆ?

ಅರ್ಧ ಅಂಗಳ ಮಣ್ಣಾದ ಮೇಲೆ ಅವಳು ಒಂದು ಎಳೆ ಹುಂಜ ತಂದಳು. ಅಂಗಾಲು ನೋಡಿ, ಕಾಳು ಚೆಲ್ಲಿ, ಕೂತು ನೋಡಿ ತಂದಳು. ಕರಿ ಹೆಂಟೆ ವಯಸ್ಸಾಗಿದ್ದರೂ ಒಂದಿಷ್ಟು ತತ್ತಿ ಇಟ್ಟಿತು, ಕಾವಿಗೆ ಕೂತಿತು, ಮರಿಗಳು ಬಂದವು. ಅವಳು ನನ್ನ ಬಳಿ ಬಂದು, ಕೊಡ್ಲಿಗೆ ಜೊತೆಗೆ ಬರುತ್ತೀರಾ ಎಂದು ಕೇಳಿದಳು. ಮಾತಿಗೆ ನಂಬದಿದ್ದರೆ ಕಣ್ಣಿಗಾದರೂ ಹುಡುಗಿ ನಂಬುತ್ತಾಳೆ ಎಂಬುದು ಅವಳ ಆಸೆ. ಕೋಳಿಬುಟ್ಟಿ ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಕೂತ ಲಿಂಗಾಯತರ ಹೆಂಗಸನ್ನು ನೋಡಿ ಕಂಡಕ್ಟರು ನಕ್ಕ. ನಗಲಿ.

ಜಗದೇವಿ ಇಳಿದುಹೋಗಿದ್ದಳು. ಅತ್ತೆಯನ್ನು ಕಂಡು ಓಡಿಬಂದು ನೀರು ಕೊಟ್ಟಳು. ಅಂಬುಬಾಯಿ ಬುಟ್ಟಿ ಬಿಚ್ಚಿ ಕರಿ ಹೆಂಟೆ ಮತ್ತು ಮರಿಗಳನ್ನು ನೆಲಕ್ಕೆ ಬಿಟ್ಟಳು. ಇದು ಅದೇ ಹೆಂಟೆ, ನೀನೇ ಕಾಳು ಹಾಕಿದ್ದೆ, ಇದರ ತತ್ತಿ ನೀನೇ ಬಿಸಾಕಿದ್ದೆ, ನಾನು ಬೇರೇನೂ ಮಾಡಲಿಲ್ಲ, ಬರೀ ಹುಂಜ ಬದಲು ಮಾಡಿದೆ, ನೋಡು ಎಂದಳು. ಜಗದೇವಿ ಒಂದು ಮರಿಯನ್ನು ಅಂಗೈಯಲ್ಲಿ ಎತ್ತಿಕೊಂಡು ಕೆನ್ನೆಗೆ ಒತ್ತಿಕೊಂಡಳು. ಬಹಳ ದಿನದ ಮೇಲೆ ನಕ್ಕಂತೆ ಕಂಡಳು.

"ಹ್ಯಾಟಿ ಪುಣ್ಯ ಛಲೋ ಇತ್ತು ಅತ್ತಿ" ಎಂದಳು. "ನಂದು ನನಗ."

ಅಂಬುಬಾಯಿ ಅವಳ ಎರಡೂ ಕೈ ಹಿಡಿದುಕೊಂಡಳು. "ಅದು ನಾ ಕಲಿಸಿದ ಸುಳ್ಳು ಅವ್ವಾ. ಬಿಟ್ಟುಬಿಡು ಅದನ್ನ."

ಜಗದೇವಿ ಕೈ ಬಿಡಿಸಿಕೊಂಡು ಮರಿಯನ್ನು ಹೆಂಟೆಯ ಹತ್ತಿರ ಬಿಟ್ಟಳು. ತಂದೆ ಒಳಗಿನಿಂದಲೇ, ಈ ಮಾತು ಇಲ್ಲಿ ಬೇಡ, ಸಣ್ಣವಳನ್ನು ನೋಡಲು ಜನ ಬರುವುದಿದೆ, ಗಂಡಿನ ಮನೆಯವರ ಮೇಲೆ ಗೂಬೆ ಕೂರಿಸಿದರು ಎಂದು ಹೆಸರು ಬಂದರೆ ಕಷ್ಟ ಎಂದ. ನನಗೆ ಅವನ ಮೇಲೆ ಹರಿಹಾಯಬೇಕು ಅನ್ನಿಸಿತು. ಆ ಮನೆಯಲ್ಲಿ ಜಗಳಕ್ಕೆ ನಿಲ್ಲುವಷ್ಟೂ ಜಾಗ ಇರಲಿಲ್ಲ.

ಹೆಂಟೆ ಮರಿಗಳನ್ನು ಅಲ್ಲೇ ಬಿಟ್ಟು ನಾವು ಎದ್ದಾಗ ದೀಪ ಹಚ್ಚುವ ಹೊತ್ತು. ಅಂದು ಮಂಗಳವಾರ ಎಂಬುದು ನಮಗಿಬ್ಬರಿಗೂ ಮರೆತಿತ್ತು. ಜಗದೇವಿ ಮುಖ ತೊಳೆದು ಬಂದು, ತಂಗಿಯರು ಒಲೆ ಉರಿಸುತ್ತಿದ್ದ ಆ ಒಂದೇ ಕೋಣೆಯ ಗೋಡೆಯ ಮಾಡದ ಮುಂದೆ ಕೈ ಮುಗಿದು ನಿಂತಳು. ಅವಳಿಗೆ ಯಾರೂ ಹೇಳಿರಲಿಲ್ಲ. ಬಸ್ಸು ಬರುತ್ತದೆ ನಡಿ ಎಂದು ನಾನು ಅಂಬುಬಾಯಿಯ ತೋಳು ಹಿಡಿದು ಎಳೆದೆ. ಅವಳು ಕದಲಲಿಲ್ಲ. ಸೊಸೆಯ ಅದೇ ಹಳೆಯ ಮಾತು ಮುಗಿಯುವವರೆಗೂ ಹೊಸ್ತಿಲಾಚೆ ನಿಂತು ಕೇಳಿದಳು.